ದುಡ್ಡು ಮಾಡಿದವಳು

ಕೂತ್ಕೋ ಹುಡುಗ, ಪೆನ್ನು ಆಮೇಲೆ ತೆಗೆ.
ಒಂದರಿಂದ ಹತ್ತರೊಳಗೆ ನನ್ನ ಸುಖ ಎಷ್ಟು
ಅಂತ ಗುರುತು ಹಾಕಿಕೊಳ್ಳಲು
ಬ್ರಾತಿಸ್ಲಾವಾದಿಂದ ಬೆಟ್ಟ ಹತ್ತಿ ಬಂದೆಯಲ್ಲ,
ಮೊದಲು ಸೂಪು ಕುಡಿ.

ಹೆಸರು ದ್ರಾಹೊಮೀರಾ. ಮನೆಯಲ್ಲಿ ದ್ರಾಹಾ.
ನಮ್ಮ ಮಾತಿನಲ್ಲಿ ಪ್ರಿಯೆ ಅಂತಲೂ ಆಗುತ್ತದೆ, ತುಟ್ಟಿ ಅಂತಲೂ.
ಗಂಡ ಯಾವ ಅರ್ಥದಲ್ಲಿ ಕರೆದನೋ ಕೇಳಲಿಲ್ಲ.

ಕೆಲಸ? ದುಡ್ಡು ಮಾಡುವುದು.
ನಗಬೇಡ. ಲೋಕವೆಲ್ಲ ದುಡ್ಡು ಮಾಡಿದೆ ಅನ್ನುತ್ತದೆ,
ನಿಜಕ್ಕೂ ಮಾಡಿದವಳು ನಾನು:
ಕ್ರೆಮ್ನಿತ್ಸಾ ಟಂಕಸಾಲೆ, ಎರಡನೇ ಪಾಳಿ,
ಮೂವತ್ತೊಂದು ವರ್ಷ.

ಪಟ್ಟಿಯ ಮೇಲೆ ಹರಿದು ಬರುತ್ತಿದ್ದವು ಬಿಸಿಬಿಸಿ
(ಕಿರೀಟ ಅಂತಲೇ ಹೆಸರು ಆಗಿನ ನಾಣ್ಯಕ್ಕೆ).
ಅಂಚು ಸೀಳಿದ್ದು, ಮುಖ ಜಾರಿದ್ದು,
ಅಕ್ಷರ ನುಂಗಿದ್ದು ಕಂಡರೆ
ಬೆರಳ ತುದಿಯಲ್ಲಿ ಚಿಮ್ಮಿ ಡಬ್ಬಕ್ಕೆ.
ಕಣ್ಣಿಗೂ ಅದೇ ರೋಗ ಅಂಟಿತು ನೋಡು,
ಇಗರ್ಜಿಯಲ್ಲಿ ಸಾಲಾಗಿ ನಿಂತವರಲ್ಲೂ
ಊನವನ್ನೇ ಮೊದಲು ಹುಡುಕುತ್ತಿದ್ದೆ.

ದಿನಕ್ಕೆ ಲಕ್ಷ ಕಿರೀಟ ಕೈ ದಾಟಿದರೂ
ನಮ್ಮ ಮೇಲಂಗಿಗೆ ಜೇಬಿಲ್ಲ.
ಹೊಲಿಯುವಾಗಲೇ ಬಿಟ್ಟಿದ್ದರು.
ಕರವಸ್ತ್ರ ತೋಳಿನೊಳಗೆ.
ಸಂಜೆ ಬಾಗಿಲಲ್ಲಿ ಮಾರ್ಗಿತಾ ತಡಕುತ್ತಿದ್ದಳು
ಕಂಕುಳು, ಕಾಲ್ಚೀಲ, ಜಡೆಯ ಸುತ್ತು,
ತಡಕುತ್ತಲೇ ತನ್ನ ಗಂಡನ ಕುಡಿತದ ಕಥೆ ಹೇಳುತ್ತ.
ಅಷ್ಟು ವರ್ಷ ದಿನ ತಪ್ಪದೆ ನನ್ನನ್ನು ಮುಟ್ಟಿದವರು
ಇನ್ನೊಬ್ಬರಿಲ್ಲ.
ಅದನ್ನು ಬರೆದುಕೋಬೇಡ.

ನನ್ನವನು, ವೆಂದೆಲಿನ್, ಅಚ್ಚಿನ ಯಂತ್ರದಲ್ಲಿದ್ದ.
ನಿಮಿಷಕ್ಕೆ ನೂರಾರು ಏಟು. ನಲವತ್ತಕ್ಕೇ ಕಿವಿ ಹೋಯಿತು.
ಕಿವಿಗೆ ಬೆಲೆ ಕಟ್ಟಿ ಕಚೇರಿ ಕೊಟ್ಟ ಹಣದಲ್ಲಿ
ಏನು ತಂದ ಗೊತ್ತೇ? ರೇಡಿಯೋ.
‘ನಿನಗೆ!’ ಅಂದ, ಬೀದಿಗೆಲ್ಲ ಕೇಳುವ ಹಾಗೆ.
ರಾತ್ರಿ ಅದರ ಮೇಲೆ ಕೈಯಿಟ್ಟು ಕೂರುತ್ತಿದ್ದ,
ಹಾಡು ಅಂಗೈಗಾದರೂ ತಾಗೀತು ಅಂತ.
ಇದು ಸುಖವೋ? ನನಗೆ ತಿಳಿಯದು,
ಅಂಕಿ ನೀನೇ ಹಾಕು.

ಆಮೇಲೆ ಹೊಸ ದುಡ್ಡು ಬಂತು, ಹತ್ತಾರು ದೇಶಕ್ಕೆ ಒಂದೇ.
ಹಳೇ ಕಿರೀಟಗಳೆಲ್ಲ ಗೋಣಿಚೀಲದಲ್ಲಿ ತವರಿಗೆ ಬಂದವು,
ಬಾಣಂತನಕ್ಕಲ್ಲ, ಜಜ್ಜಿಸಿಕೊಳ್ಳಲು.
ಬೇರ್ಪಡಿಸಲು ನಮ್ಮನ್ನೇ ಕೂರಿಸಿದರು.

ಅಂದು ಮೊದಲ ಸಲ ಕಂಡೆ ನಾನು ಮಾಡಿದ ದುಡ್ಡನ್ನು.
ಕಳಿಸಿದ್ದು ಮಿಂಚುವ ಬಿಲ್ಲೆ;
ಬಂದದ್ದು ಸವಕಲು, ಕಪ್ಪು, ಬೆವರು ವಾಸನೆ.
ಒಂದಕ್ಕೆ ಯಾರೋ ತೂತು ಕೊರೆದು ದಾರ ಪೋಣಿಸಿದ್ದರು.
ಒಂದು ರೈಲು ಗಾಲಿಗೆ ಸಿಕ್ಕಿ ಎಲೆಯಷ್ಟು ತೆಳು, ಹುಡುಗರ ಕೆಲಸ.
ಇನ್ನೊಂದರ ಮೇಲಿನ ಮಗು ಎತ್ತಿದ ತಾಯಿಗೆ
ಮೂಗೇ ಉಳಿದಿಲ್ಲ.
ಎಷ್ಟು ಹೆಬ್ಬೆರಳು ಉಜ್ಜಿರಬೇಕು ಅವಳನ್ನು,
ಬ್ರೆಡ್ಡಿನಂಗಡಿಯ ಸಾಲಲ್ಲಿ,
ಟೆಲಿಫೋನ್ ಗೂಡಿನ ಮುಂದೆ
ಹೇಳಲೋ ಬೇಡವೋ, ಹೇಳಲೋ ಬೇಡವೋ ಎಂದು.

ಅಭ್ಯಾಸದ ಬೆರಳು ಎದ್ದಿತು ಚಿಮ್ಮಲು.
ಚಿಮ್ಮಲಿಲ್ಲ.

ಕದ್ದೆಯಾ ಅಂತ ಕಣ್ಣಲ್ಲೇ ಕೇಳುತ್ತಿದ್ದೀಯ.
ಅಂಗಿಗೆ ಜೇಬಿಲ್ಲ ಅಂದೆನಲ್ಲ.
ಬಾಯಿತ್ತು.

ಬಾಗಿಲಲ್ಲಿ ಮಾರ್ಗಿತಾ ಎಂದಿನಂತೆ ತಡಕಿ
‘ಹೋಗಿ ಬಾ ದ್ರಾಹಾ’ ಅಂದಳು.
ನಾನು ಮಾತಾಡಲಿಲ್ಲ, ಅಷ್ಟು ವರ್ಷದಲ್ಲಿ ಅದೇ ಮೊದಲು.
ನನ್ನ ಮುಖ ನೋಡಿದಳು, ಬಹಳ ಹೊತ್ತು.
ಆಮೇಲೆ ಉಬ್ಬಿದ ಕೆನ್ನೆಯನ್ನು
ಎರಡು ಬೆರಳಲ್ಲಿ ತಟ್ಟಿ
ಮುಂದಿನವಳನ್ನು ಕರೆದಳು.

ಮಂಜಿನಲ್ಲಿ ಮನೆತನಕ ನಡೆದೆ, ಬಾಯಿ ತೆರೆಯದೆ,
ಹದಿನಾರರ ಹುಡುಗಿಯ ಹಾಗೆ ಒಳಗೇ ನಗುತ್ತ.
ನಾಲಿಗೆಯ ಮೇಲೆ ತುಕ್ಕು, ಉಪ್ಪು, ಯಾರ್ಯಾರದೋ ಕೈ.

ಈಗ ಅದಕ್ಕೆ ಒಂದು ಬೆಂಕಿಪೊಟ್ಟಣವೂ ಬರುವುದಿಲ್ಲ.
ಕ್ರಿಸ್‌ಮಸ್ ರಾತ್ರಿ ತಟ್ಟೆಯ ಅಡಿಯಲ್ಲಿಡುತ್ತೇನೆ
ಮೀನಿನ ಹುರುಪೆಯ ಜೊತೆಗೆ;
ಬರುವ ವರ್ಷ ದುಡ್ಡು ಬರಲಿ ಅಂತ ಇಡುವುದು ಪದ್ಧತಿ.
ಬಂದದ್ದೇನೂ ಕಾಣೆ.

ನಿನ್ನ ಒಂದರಿಂದ ಹತ್ತರೊಳಗೆ
ಆ ಸಂಜೆಗೆ ಜಾಗ ಎಲ್ಲಿದೆಯೋ ಹುಡುಕಿಕೋ.
ಪಿಂಚಣಿ ಸಾಲದು, ಸೌದೆ ತುಟ್ಟಿ.
ಇದನ್ನು ಮಾತ್ರ ದಪ್ಪಕ್ಷರದಲ್ಲಿ ಬರೆ.